ಬ್ರಿಟನ್ನಿನಲ್ಲಿ ಡ್ರೈವಿಂಗ್ ಲೈಸೆನ್ಸ್: ಭಾರತದಿಂದ ಬಂದವರಿಗೆ ಯಾವ ದಾರಿ ಸೂಕ್ತ?

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಹತ್ತು ವರ್ಷ ಕಾರು ಓಡಿಸಿದವರಾಗಲಿ, ಮಳೆಗಾಲದ ರಾತ್ರಿ ಶಿರಾಡಿ ಘಾಟಿ ಇಳಿದವರಾಗಲಿ, ಬ್ರಿಟನ್ನಿನಲ್ಲಿ ನೆಲೆಸಿ ಒಂದು ವರ್ಷ ಕಳೆದ ಮೇಲೆ ಇಲ್ಲಿನ ಪರೀಕ್ಷೆ ಪಾಸಾಗಿರದಿದ್ದರೆ ಕಾನೂನಿನ ಲೆಕ್ಕದಲ್ಲಿ ಕಲಿಯುವ ಚಾಲಕರೇ ಆಗುತ್ತಾರೆ. ಭಾರತದ ಲೈಸೆನ್ಸನ್ನು ಕೊಟ್ಟು ಅದರ ಬದಲಿಗೆ ಇಲ್ಲಿನ ಲೈಸೆನ್ಸ್ ಪಡೆಯುವ ಅವಕಾಶವಿಲ್ಲ. ಅಂಥ ವಿನಿಮಯಕ್ಕೆ ಬ್ರಿಟನ್ ಒಪ್ಪಿರುವ ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಹಾಗೆಂದು ಬಂದ ದಿನದಿಂದಲೇ ಎಲ್ ಬೋರ್ಡ್ ಹಾಕಿಕೊಳ್ಳಬೇಕಾಗಿಯೂ ಇಲ್ಲ. ಇಲ್ಲಿ ವಾಸ ಆರಂಭಿಸಿದ ದಿನದಿಂದ 12 ತಿಂಗಳವರೆಗೆ, ಊರ್ಜಿತದಲ್ಲಿರುವ ಭಾರತದ ಲೈಸೆನ್ಸಿನ ಮೇಲೆಯೇ ಕಾರು ಓಡಿಸಬಹುದು. ಈ ಒಂದು ವರ್ಷವನ್ನು ಹೇಗೆ ಬಳಸಿಕೊಳ್ಳಬೇಕೆಂಬಲ್ಲಿಯೇ ಎಲ್ಲ ಗೊಂದಲವೂ ಹುಟ್ಟುತ್ತದೆ. ವರ್ಷಪೂರ್ತಿ ಊರಿನ ಡಿಎಲ್‌ನಲ್ಲೇ ಓಡಿಸುವುದೋ, ಬಂದ ಕೂಡಲೇ ಪರೀಕ್ಷೆಗೆ ಸಿದ್ಧವಾಗುವುದೋ, ಗೇರ್ ಕಾರಿನಲ್ಲಿ ಪರೀಕ್ಷೆ ಕೊಡುವುದೋ ಆಟೊಮ್ಯಾಟಿಕ್‌ನಲ್ಲೋ, ವಾರಕ್ಕೊಂದು ಪಾಠವೋ ಒಂದೇ ವಾರದ ಬಿರುಸಿನ ತರಬೇತಿಯೋ, ಅಥವಾ ಕಾರಿನ ಗೋಜೇ ಬೇಡವೋ ಎಂದು ಕೇಳುವವರಿಗಾಗಿ ಈ ಹೋಲಿಕೆಯನ್ನು ಬರೆದಿದ್ದೇನೆ. ಇಲ್ಲಿ ಹೇಳಿರುವುದು ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಉತ್ತರ ಐರ್ಲೆಂಡಿನಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಯೂ ಬೇರೆ, ಹೊಸ ಚಾಲಕರಿಗಿರುವ ಕಟ್ಟಳೆಗಳೂ ಬೇರೆ.

ಅಳೆಯಬೇಕಾದದ್ದು ಯಾವುದರಿಂದ

ದಾರಿಗಳನ್ನು ಹೋಲಿಸುವ ಮೊದಲು ಐದು ಸಂಗತಿಗಳನ್ನು ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಎಷ್ಟು ಕಾಲ ಇರುತ್ತೀರಿ ಎಂಬುದು ಮೊದಲನೆಯದು. 12 ತಿಂಗಳ ಅವಧಿಯಲ್ಲಿ ಈಗಾಗಲೇ ಎಷ್ಟು ಕಳೆದಿದೆ ಎಂಬುದು ಎರಡನೆಯದು. ಕಾರು ನಿಮ್ಮ ಜೀವನೋಪಾಯಕ್ಕೆ ಅನಿವಾರ್ಯವೋ, ಅನುಕೂಲಕ್ಕೆ ಮಾತ್ರವೋ ಎಂಬುದು ಮೂರನೆಯದು. ನಾಲ್ಕನೆಯದು ಹಣ. ಪರೀಕ್ಷೆಯ ಶುಲ್ಕ ಇದರಲ್ಲಿ ಸಣ್ಣ ಭಾಗ. ಪಾಠಗಳ ವೆಚ್ಚ ಮತ್ತು ವರ್ಷವರ್ಷ ಕಟ್ಟುವ ಇನ್ಶೂರೆನ್ಸ್ ದೊಡ್ಡ ಭಾಗ. ಕೊನೆಯದು, ಮನೆಯಲ್ಲಿ ಇನ್ನು ಯಾರು ಕಾರು ಕಲಿಯಬೇಕಾಗಿದೆ ಎಂಬುದು. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ, ಆದರೆ ದಂಪತಿಯ ಮಟ್ಟಿಗೆ ಅದು ಇಡೀ ಲೆಕ್ಕಾಚಾರವನ್ನೇ ಬದಲಿಸಬಲ್ಲದು.

ಇವೆಲ್ಲದರಲ್ಲಿ ತೂಕ ಹೆಚ್ಚಿರುವುದು ಹಣಕ್ಕಲ್ಲ, ಕ್ಯಾಲೆಂಡರಿಗೆ. ಕಾರಣ ಸರಳ. ಪ್ರಾಕ್ಟಿಕಲ್ ಪರೀಕ್ಷೆಯ ದಿನಾಂಕವನ್ನು ಗರಿಷ್ಠ 24 ವಾರ ಮುಂಚಿತವಾಗಿ ಕಾಯ್ದಿರಿಸಬಹುದು, ಮತ್ತು ಹಲವು ಕೇಂದ್ರಗಳಲ್ಲಿ ಆ ಕೊನೆಯ ವಾರಗಳವರೆಗೂ ಜಾಗ ಖಾಲಿ ಇರುವುದಿಲ್ಲ. ಆರು ತಿಂಗಳು ಸುಮ್ಮನಿದ್ದು ಏಳನೆಯ ತಿಂಗಳಿನಲ್ಲಿ ಎಚ್ಚೆತ್ತವರಿಗೆ ಹಣ ಎಷ್ಟಿದ್ದರೂ ಉಳಿಯುವ ಆಯ್ಕೆಗಳು ಕಡಿಮೆ.

ಯಾವ ದಾರಿಗೂ ತಪ್ಪದ ಮೆಟ್ಟಿಲುಗಳು

ಪರೀಕ್ಷೆ ಕೊಡುವವರೆಲ್ಲರೂ ಮೂರು ಮೆಟ್ಟಿಲು ಹತ್ತಬೇಕು. ಮೊದಲನೆಯದು ಚಾಲಕರಿಗೆ ಲೈಸೆನ್ಸ್ ನೀಡುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎ ಕೊಡುವ ಪ್ರೊವಿಷನಲ್ ಲೈಸೆನ್ಸ್, ಅಂದರೆ ನಮ್ಮ ಎಲ್‌ಎಲ್‌ಆರ್‌ಗೆ ಸಮಾನವಾದದ್ದು. ಆನ್‌ಲೈನ್ ಅರ್ಜಿಗೆ 34 ಪೌಂಡ್, ಅಂಚೆಯ ಮೂಲಕವಾದರೆ 43 ಪೌಂಡ್. ಅರ್ಜಿ ಹಾಕಲು ಬ್ರಿಟನ್ನಿನಲ್ಲಿ ಕನಿಷ್ಠ 185 ದಿನ ವಾಸಿಸುವ ಅನುಮತಿ ನಿಮ್ಮ ವೀಸಾದಲ್ಲಿರಬೇಕು. ಎರಡನೆಯದು 23 ಪೌಂಡ್ ಶುಲ್ಕದ ಥಿಯರಿ ಪರೀಕ್ಷೆ: 50 ಪ್ರಶ್ನೆಗಳಲ್ಲಿ 43 ಸರಿಯಾಗಬೇಕು, ನಂತರ 14 ವಿಡಿಯೊ ತುಣುಕುಗಳಲ್ಲಿ ಅಪಾಯ ರೂಪುಗೊಳ್ಳುವುದನ್ನು ಗುರುತಿಸಿ 75ರಲ್ಲಿ 44 ಅಂಕ ಗಳಿಸಬೇಕು. ಮೂರನೆಯದು ಪ್ರಾಕ್ಟಿಕಲ್, ವಾರದ ದಿನಗಳಲ್ಲಿ 62 ಪೌಂಡ್, ಸಂಜೆ ಮತ್ತು ವಾರಾಂತ್ಯದಲ್ಲಿ 75 ಪೌಂಡ್.

ಥಿಯರಿ ಪರೀಕ್ಷೆ ಇಂಗ್ಲಿಷ್ ಮತ್ತು ವೆಲ್ಷ್ ಭಾಷೆಗಳಲ್ಲಿ ಮಾತ್ರ ನಡೆಯುತ್ತದೆ. ಬೇರೆ ಭಾಷೆಗಳ ಧ್ವನಿಮುದ್ರಿಕೆಯ ಸೌಲಭ್ಯವನ್ನು 2014ರಲ್ಲಿಯೇ ನಿಲ್ಲಿಸಲಾಗಿದೆ. ಇಂಗ್ಲಿಷ್ ಓದಬಲ್ಲವರಿಗೆ ಪ್ರಶ್ನೆಗಳು ಕಷ್ಟವೇನಲ್ಲ. ಎಡವುವುದು ವಿಡಿಯೊ ಭಾಗದಲ್ಲಿ. ನಮ್ಮ ರಸ್ತೆಗಳಲ್ಲಿ ಪಳಗಿದ ಕಣ್ಣಿಗೆ ಎಲ್ಲವೂ ಅಪಾಯವೆಂದೇ ತೋರುವುದರಿಂದ ಒಂದೇ ಸಮನೆ ಮೌಸ್ ಒತ್ತುವವರಿದ್ದಾರೆ, ಮತ್ತು ಹಾಗೆ ವಿಪರೀತವಾಗಿ ಒತ್ತಿದ ತುಣುಕಿಗೆ ಸೊನ್ನೆ ಬೀಳುತ್ತದೆ. ಪಾಸಾದರೆ ಆ ಪ್ರಮಾಣಪತ್ರ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಪ್ರಾಕ್ಟಿಕಲ್ ಪಾಸಾಗದಿದ್ದರೆ ಥಿಯರಿಯನ್ನು ಮತ್ತೆ ಬರೆಯಬೇಕು.

ಇಲ್ಲಿ ಅನೇಕರನ್ನು ಹಿಂದೆ ಎಳೆಯುವ ಒಂದು ಭಯವಿದೆ: ಪ್ರೊವಿಷನಲ್ ತೆಗೆದುಕೊಂಡ ಕ್ಷಣದಿಂದ ನಾನು ಕಲಿಯುವವನಾಗಿಬಿಡುತ್ತೇನೆ, ಒಬ್ಬನೇ ಕಾರು ಓಡಿಸುವ ಹಕ್ಕು ಹೋಗುತ್ತದೆ ಎಂಬುದು. ಇದು ನಿಜವಲ್ಲ. 12 ತಿಂಗಳೊಳಗೆ ಪ್ರೊವಿಷನಲ್ ಪಡೆದರೆ, ಆ 12 ತಿಂಗಳು ಮುಗಿಯುವವರೆಗೆ ನಿಮಗೆ ಎಲ್ ಬೋರ್ಡಾಗಲಿ, ಪಕ್ಕದಲ್ಲಿ ಕೂರುವ ಮೇಲ್ವಿಚಾರಕರಾಗಲಿ ಬೇಕಿಲ್ಲ. ಆದ್ದರಿಂದ ಮುಂದೆ ಹೇಳುವ ಯಾವ ದಾರಿಯನ್ನು ಆರಿಸಿಕೊಂಡರೂ, ವಿಳಾಸ ಸ್ಥಿರವಾದ ಕೂಡಲೇ ಪ್ರೊವಿಷನಲ್‌ಗೆ ಅರ್ಜಿ ಹಾಕುವುದರಿಂದ ಕಳೆದುಕೊಳ್ಳುವುದು 34 ಪೌಂಡ್ ಮಾತ್ರ.

ವರ್ಷಪೂರ್ತಿ ಊರಿನ ಲೈಸೆನ್ಸಿನಲ್ಲೇ

ಒಂದು ವರ್ಷದ ಮಾಸ್ಟರ್ಸ್ ಓದಲು ಬಂದವರಿಗೆ, ಕಂಪನಿಯ ಪ್ರಾಜೆಕ್ಟಿನ ಮೇಲೆ ಎಂಟು ಹತ್ತು ತಿಂಗಳಿಗೆ ಬಂದವರಿಗೆ ಇದೇ ಸರಿಯಾದ ದಾರಿ. ಪರೀಕ್ಷೆಗೆಂದು ಹಣವನ್ನೂ ವಾರಾಂತ್ಯಗಳನ್ನೂ ಸುರಿದು, ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ವಿಮಾನ ಹತ್ತುವುದರಲ್ಲಿ ಅರ್ಥವಿಲ್ಲ. ತಿಂಗಳಿಗೊಮ್ಮೆ ಲೇಕ್ ಡಿಸ್ಟ್ರಿಕ್ಟ್‌ಗೋ ಸ್ಕಾಟ್ಲೆಂಡ್‌ಗೋ ಹೋಗಿ ಬರಲು ಬಾಡಿಗೆ ಕಾರು ಸಾಕು. ಬಾಡಿಗೆ ಕಂಪನಿಗಳು ಲೈಸೆನ್ಸ್ ಪಡೆದು ಎಷ್ಟು ವರ್ಷವಾಯಿತು ಎಂದು ನೋಡುತ್ತವೆ. ಕೆಲವು ಅಂತರರಾಷ್ಟ್ರೀಯ ಪರ್ಮಿಟ್ಟನ್ನೂ ಕೇಳುತ್ತವೆ. ಊರಿನಿಂದ ಹೊರಡುವ ಮೊದಲೇ ಆರ್‌ಟಿಒದಲ್ಲಿ ಆ ಪರ್ಮಿಟ್ ಮಾಡಿಸಿಕೊಳ್ಳುವುದು ಒಳ್ಳೆಯದು. ಆದರೆ ಪರ್ಮಿಟ್ 12 ತಿಂಗಳ ಮಿತಿಯನ್ನು ಒಂದು ದಿನವೂ ಮುಂದಕ್ಕೆ ತಳ್ಳುವುದಿಲ್ಲ.

ಈ ದಾರಿಯ ದುರ್ಬಲ ಭಾಗ ಇನ್ಶೂರೆನ್ಸ್. ಸ್ವಂತ ಕಾರು ಕೊಂಡರೆ ವಿದೇಶಿ ಲೈಸೆನ್ಸಿನವರಿಗೆ ಪ್ರೀಮಿಯಂ ಸಾಮಾನ್ಯವಾಗಿ ಹೆಚ್ಚು, ಮತ್ತು ವಿಮೆ ಕೊಡಲು ಒಪ್ಪುವ ಕಂಪನಿಗಳೂ ಕಡಿಮೆ. ಭಾರತದಲ್ಲಿ ಕ್ಲೇಮ್ ಮಾಡದೆ ಕಳೆದ ವರ್ಷಗಳನ್ನು ಹಲವು ಕಂಪನಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡು ಮೂರು ವರ್ಷ ಅಥವಾ ಹೆಚ್ಚು ಇರಲು ಬಂದವರು ಈ ದಾರಿ ಹಿಡಿದರೆ ಪೆಟ್ಟು ಬೀಳುವುದು ಅವಧಿ ಮುಗಿದ ಮರುದಿನ. ಹಿಂದಿನ ದಿನದವರೆಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ ಅದೇ ಕಾರನ್ನು ಅಂದಿನಿಂದ ಒಬ್ಬರೇ ಓಡಿಸಿದರೆ ಲೈಸೆನ್ಸಿಲ್ಲದೆ ಓಡಿಸಿದಂತೆ. ಜೊತೆಗೆ ವಿಮೆಯ ರಕ್ಷಣೆಯೂ ಬಿದ್ದುಹೋಗುತ್ತದೆ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಸ್ಥಳದಂಡವೇ 300 ಪೌಂಡ್ ಮತ್ತು 6 ಪೆನಾಲ್ಟಿ ಪಾಯಿಂಟ್, ಅಂದರೆ ತಪ್ಪಿಗಾಗಿ ಚಾಲಕರ ಲೆಕ್ಕಕ್ಕೆ ಸೇರುವ ಅಂಕಗಳು. ನ್ಯಾಯಾಲಯಕ್ಕೆ ಹೋದರೆ ದಂಡಕ್ಕೆ ಮೇಲ್ಮಿತಿಯೇ ಇಲ್ಲ. ಊರಿನ ಲೈಸೆನ್ಸ್ ಇನ್ನೂ ಹತ್ತು ವರ್ಷ ಚಾಲ್ತಿಯಲ್ಲಿದೆ ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ.

ಅವಧಿ ಮುಗಿಯುವ ಮೊದಲೇ ಪರೀಕ್ಷೆ

ಎರಡು ವರ್ಷಕ್ಕಿಂತ ಹೆಚ್ಚು ಇರುವ ಬಹುತೇಕರಿಗೆ ನಾನು ಸೂಚಿಸುವುದು ಇದನ್ನೇ. ಈ ಅವಧಿಯಲ್ಲಿ ನಿಮಗಿರುವ ಸವಲತ್ತು ಇಲ್ಲಿಯೇ ಹುಟ್ಟಿ ಬೆಳೆದ ಹದಿನೇಳರ ಹುಡುಗರಿಗೂ ಇಲ್ಲ: ಪರೀಕ್ಷೆ ನಡೆಯುವ ಬೀದಿಗಳಲ್ಲೇ, ಯಾರ ಮೇಲ್ವಿಚಾರಣೆಯೂ ಇಲ್ಲದೆ, ಸ್ವಂತ ಕಾರಿನಲ್ಲಿ, ದಿನವೂ ಕಚೇರಿಗೆ ಹೋಗಿ ಬರುತ್ತಲೇ ಅಭ್ಯಾಸ ಮಾಡಬಹುದು. ಕಲಿಯುವವರು ಸರಾಸರಿ 45 ಗಂಟೆ ಪಾಠವನ್ನೂ 22 ಗಂಟೆ ಖಾಸಗಿ ಅಭ್ಯಾಸವನ್ನೂ ಮಾಡುತ್ತಾರೆಂದು ಪರೀಕ್ಷೆ ನಡೆಸುವ ಡಿವಿಎಸ್‌ಎ ಹೇಳುತ್ತದೆ. ಊರಿನಲ್ಲಿ ನಿಜವಾಗಿಯೂ ಕಾರು ಓಡಿಸಿ ಅನುಭವವಿರುವವರಿಗೆ ಹತ್ತರಿಂದ ಹದಿನೈದು ಗಂಟೆಗಳ ಪಾಠ ಸಾಕಾಗುತ್ತದೆಂಬುದು ನನ್ನ ಅಂದಾಜು. ಗಂಟೆಗೆ 35ರಿಂದ 45 ಪೌಂಡ್ ಲೆಕ್ಕ ಹಿಡಿದರೆ ಮತ್ತು ಮೂರೂ ಶುಲ್ಕಗಳ 119 ಪೌಂಡ್ ಸೇರಿಸಿದರೆ ಒಟ್ಟು ವೆಚ್ಚ ಸುಮಾರು 500ರಿಂದ 800 ಪೌಂಡ್‌ನೊಳಗೆ ನಿಲ್ಲುತ್ತದೆ. 12 ತಿಂಗಳು ಮುಗಿದ ಮೇಲೆ ಶುರುಮಾಡಿದವರಿಗೆ ಒಬ್ಬರೇ ಅಭ್ಯಾಸ ಮಾಡುವ ದಾರಿ ಮುಚ್ಚಿಹೋಗಿರುತ್ತದೆ. ಹಾಗಾಗಿ ಅದೇ ಕಲಿಕೆಗೆ ಹೆಚ್ಚು ಪಾಠಗಳನ್ನು ಕೊಳ್ಳಬೇಕಾಗುತ್ತದೆ.

ಲೆಕ್ಕ ಹೀಗಿರಲಿ: ಮೊದಲ ತಿಂಗಳಲ್ಲಿ ಪ್ರೊವಿಷನಲ್, ಮೂರನೆಯ ತಿಂಗಳೊಳಗೆ ಥಿಯರಿ, ಅದು ಪಾಸಾದ ಸಂಜೆಯೇ ಪ್ರಾಕ್ಟಿಕಲ್‌ಗೆ ಬುಕಿಂಗ್. ದಿನಾಂಕ ಐದಾರು ತಿಂಗಳ ಆಚೆಗೆ ಸಿಕ್ಕರೂ ಒಂಬತ್ತನೆಯ ತಿಂಗಳಿಗೆ ಮೊದಲ ಪ್ರಯತ್ನ ಮುಗಿಯುತ್ತದೆ. ಫೇಲಾದರೆ ಮುಂದಿನ ಪರೀಕ್ಷೆಗೆ ಕನಿಷ್ಠ 10 ಕೆಲಸದ ದಿನಗಳ ಅಂತರ ಬೇಕು, ಆದರೆ ವಾಸ್ತವದಲ್ಲಿ ಕಾಯಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ಎರಡನೆಯ ಪ್ರಯತ್ನ 12 ತಿಂಗಳೊಳಗೆ ಸಿಗುತ್ತದೆಂಬ ಖಾತ್ರಿಯಿಲ್ಲ. ದೇಶದಾದ್ಯಂತ ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ಪಾಸಾಗುವುದು ಅರ್ಧಕ್ಕರ್ಧ ಮಾತ್ರವಾದ್ದರಿಂದ ಈ ಅಂತರವನ್ನು ಯೋಜನೆಯಲ್ಲಿ ಸೇರಿಸಿಕೊಂಡೇ ಹೊರಡಬೇಕು. ರದ್ದಾದ ಜಾಗಗಳು ಡಿವಿಎಸ್‌ಎ ತಾಣದಲ್ಲಿ ಆಗಾಗ ಬಿಡುಗಡೆಯಾಗುತ್ತವೆ, ತಾಳ್ಮೆಯಿಂದ ನೋಡುತ್ತಿದ್ದರೆ ದಿನಾಂಕ ಹಿಂದಕ್ಕೆ ತಂದುಕೊಳ್ಳಬಹುದು. ಶುಲ್ಕದ ಹಲವು ಪಟ್ಟು ಹಣ ಕೇಳಿ ದಿನಾಂಕ ಮಾರುವವರೂ ಇದ್ದಾರೆ. ಅವರ ಕೈಗೆ ನಿಮ್ಮ ಲೈಸೆನ್ಸ್ ಸಂಖ್ಯೆಯನ್ನು ಒಪ್ಪಿಸುವುದು ಬುದ್ಧಿವಂತಿಕೆಯಲ್ಲ.

ಈ ದಾರಿಗೂ ಒಂದು ಬೆಲೆಯಿದೆ, ಅದನ್ನು ಮುಚ್ಚಿಡಬಾರದು. ಪರೀಕ್ಷೆ ಪಾಸಾದ ದಿನದಿಂದ ಎರಡು ವರ್ಷ ನೀವು ಕಾನೂನಿನಲ್ಲಿ ಹೊಸ ಚಾಲಕರು. ಆ ಅವಧಿಯಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದಾಗಿ, ಪ್ರೊವಿಷನಲ್‌ನಿಂದ ಹಿಡಿದು ಎರಡೂ ಪರೀಕ್ಷೆಗಳನ್ನು ಮತ್ತೆ ಬರೆಯಬೇಕು. ಕಾರು ಓಡಿಸುತ್ತ ಫೋನನ್ನು ಕೈಯಲ್ಲಿ ಹಿಡಿದರೆ 200 ಪೌಂಡ್ ದಂಡದ ಜೊತೆಗೆ ಬೀಳುವುದು ಸರಿಯಾಗಿ 6 ಪಾಯಿಂಟ್. ಸಿಗ್ನಲ್ಲಿನಲ್ಲಿ ನಿಂತಾಗ ವಾಟ್ಸಾಪ್ ನೋಡುವ ಅಭ್ಯಾಸ ಇರುವವರು ಅದನ್ನು ಪರೀಕ್ಷೆಗೆ ಮುಂಚೆಯೇ ಬಿಡುವುದು ಕ್ಷೇಮ.

ಗೇರ್ ಕಾರೋ, ಆಟೊಮ್ಯಾಟಿಕ್ಕೋ

ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದರೆ ಆಟೊಮ್ಯಾಟಿಕ್ ಮಾತ್ರ ಓಡಿಸುವ ಲೈಸೆನ್ಸ್ ಸಿಗುತ್ತದೆ, ಗೇರ್ ಕಾರಿನಲ್ಲಿ ಪಾಸಾದರೆ ಎರಡನ್ನೂ ಓಡಿಸಬಹುದು. ಇಷ್ಟನ್ನೇ ನೋಡಿದರೆ ಊರಿನಲ್ಲಿ ಗೇರ್ ಕಾರು ಓಡಿಸಿದವರೆಲ್ಲರೂ ಕಣ್ಣುಮುಚ್ಚಿ ಗೇರ್ ಆರಿಸಿಕೊಳ್ಳಬೇಕು ಅನಿಸುತ್ತದೆ, ಮತ್ತು ಬಹುಮಟ್ಟಿಗೆ ಅದು ಸರಿಯೂ ಹೌದು. ಗೇರ್ ಕಾರಿನ ಪಾಠ ತುಸು ಅಗ್ಗ, ಇನ್‌ಸ್ಟ್ರಕ್ಟರ್‌ಗಳು ಹೆಚ್ಚು ಸಿಗುತ್ತಾರೆ, ಹಳೆಯ ಕಾರು ಕೊಳ್ಳುವಾಗ ಕಡಿಮೆ ಬೆಲೆಯವು ಹೆಚ್ಚಾಗಿ ಗೇರಿನವೇ, ಬಾಡಿಗೆ ಕಾರುಗಳಲ್ಲಿಯೂ ಗೇರಿನವು ಅಗ್ಗ. ಬಜೆಟ್ ಬಿಗಿಯಾಗಿರುವವರಿಗೆ ಇಲ್ಲಿ ಎರಡನೆಯ ಯೋಚನೆ ಬೇಡ.

ಆದರೆ ಎರಡು ಸಂಗತಿಗಳು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿವೆ. 2030ರಿಂದ ಬ್ರಿಟನ್ನಿನಲ್ಲಿ ಪೆಟ್ರೋಲ್ ಅಥವಾ ಡೀಸೆಲ್‌ನಿಂದ ಮಾತ್ರ ಓಡುವ ಹೊಸ ಕಾರುಗಳ ಮಾರಾಟ ನಿಲ್ಲಬೇಕೆಂಬುದು ಸರ್ಕಾರದ ನೀತಿ; ಎಲೆಕ್ಟ್ರಿಕ್ ಕಾರುಗಳಿಗೆ ಕ್ಲಚ್ಚೇ ಇಲ್ಲ. ಹತ್ತು ವರ್ಷ ಇಲ್ಲಿರುವವರಿಗೆ ಗೇರಿನ ಹಕ್ಕು ಕ್ರಮೇಣ ಕಡಿಮೆ ಉಪಯೋಗಕ್ಕೆ ಬರಬಹುದು. ಎರಡನೆಯದಾಗಿ, ಊರಿನಲ್ಲಿ ಲೈಸೆನ್ಸ್ ಇದ್ದರೂ ಕಾರು ಮುಟ್ಟದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮೈದಾನದಲ್ಲಿ ಎಂಟು ಹಾಕಿ ಕಾರ್ಡ್ ಪಡೆದು, ನಂತರ ಸ್ಕೂಟರಿನಲ್ಲೇ ಓಡಾಡಿದವರಿಗೆ ಇಲ್ಲಿನ ಚಡಾವಿನ ಜಂಕ್ಷನ್ನಿನಲ್ಲಿ ಕ್ಲಚ್ಚನ್ನೂ, ಹಿಂದಿನ ಕನ್ನಡಿಯನ್ನೂ, ಬಲಗಡೆಯ ವಾಹನವನ್ನೂ ಒಟ್ಟಿಗೆ ನಿಭಾಯಿಸುವುದು ದೊಡ್ಡ ಹೊರೆ. ಅಂಥವರಿಗೆ ಆಟೊಮ್ಯಾಟಿಕ್ ಸರಿಹೊಂದುತ್ತದೆ, ಪಾಠ ಗಂಟೆಗೆ ಎರಡು ಮೂರು ಪೌಂಡ್ ಹೆಚ್ಚಾದರೂ ಬೇಕಾದ ಗಂಟೆಗಳು ಕಡಿಮೆಯಾಗುವುದರಿಂದ ಒಟ್ಟು ಖರ್ಚು ಸರಿದೂಗುತ್ತದೆ. ಆದರೆ ಆಟೊಮ್ಯಾಟಿಕ್ ಪರೀಕ್ಷೆ ಸುಲಭ ಎಂದು ಮಾತ್ರ ಎಣಿಸಬೇಡಿ. ಅದರಲ್ಲಿ ಪಾಸಾಗುವವರ ಪ್ರಮಾಣ ಒಟ್ಟು ಸರಾಸರಿಗಿಂತ ಕಡಿಮೆ ಇದೆ. ಅಳುಕುವ ಚಾಲಕರು ಅದನ್ನು ಹೆಚ್ಚಾಗಿ ಆರಿಸಿಕೊಳ್ಳುವುದು ಇದಕ್ಕೊಂದು ಕಾರಣವಾಗಿರಬಹುದು.

ಆಟೊಮ್ಯಾಟಿಕ್ ಲೈಸೆನ್ಸ್ ಪಡೆದರೆ ಗೇರಿನ ಬಾಗಿಲು ಶಾಶ್ವತವಾಗಿ ಮುಚ್ಚುವುದಿಲ್ಲ. ಅದೇ ಲೈಸೆನ್ಸ್ ಗೇರ್ ಕಾರಿಗೆ ಪ್ರೊವಿಷನಲ್ ಆಗಿ ನಡೆಯುತ್ತದೆ. ಮುಂದೆ ಥಿಯರಿ ಬರೆಯದೆಯೇ ಪ್ರಾಕ್ಟಿಕಲ್ ಒಂದನ್ನು ಕೊಟ್ಟು ಬಡ್ತಿ ಪಡೆಯಬಹುದು. ಹಾಗಾಗಿ 12 ತಿಂಗಳ ಗಡುವು ಹತ್ತಿರವಿದ್ದು, ಗೇರಿನಲ್ಲಿ ಆತ್ಮವಿಶ್ವಾಸವಿಲ್ಲದಿದ್ದರೆ ಆಟೊಮ್ಯಾಟಿಕ್‌ನಲ್ಲಿ ಗಡುವನ್ನು ದಾಟಿಕೊಂಡು, ಗೇರನ್ನು ಬಿಡುವಾದಾಗ ನೋಡಿಕೊಳ್ಳುವುದು ವಿವೇಕದ ಆಯ್ಕೆ.

ಕಲಿಯುವ ಬಗೆ

ರಸ್ತೆಯ ಎಡಬದಿಯಲ್ಲೇ ಓಡಿಸುವ ದೇಶಕ್ಕೆ ಬಂದಿದ್ದೇವೆಂಬುದು ನಮಗೆ ಅನುಕೂಲವೂ ಹೌದು, ಮೋಸವೂ ಹೌದು. ಜರ್ಮನಿಗೋ ಅಮೆರಿಕಕ್ಕೋ ಹೋದವರು ಬಲಬದಿಗೆ ಹೊಂದಿಕೊಳ್ಳಬೇಕಾದ್ದರಿಂದ ಮೊದಲಿನಿಂದಲೂ ಎಚ್ಚರವಾಗಿರುತ್ತಾರೆ. ಇಲ್ಲಿಗೆ ಬಂದವರಿಗೆ ಎಲ್ಲವೂ ಪರಿಚಿತವೆನಿಸಿ ಹಳೆಯ ಅಭ್ಯಾಸಗಳು ಹಾಗೆಯೇ ಉಳಿದುಕೊಳ್ಳುತ್ತವೆ. ಪರೀಕ್ಷಕರು ಗುರುತು ಹಾಕುವುದು ಆ ಅಭ್ಯಾಸಗಳಿಗೇ. ಸುಮಾರು 40 ನಿಮಿಷಗಳ ಪರೀಕ್ಷೆಯಲ್ಲಿ ಸಣ್ಣ ತಪ್ಪುಗಳು 15ರವರೆಗೆ ಕ್ಷಮ್ಯ, ಆದರೆ ಗಂಭೀರವಾದದ್ದು ಒಂದಾದರೂ ಫೇಲ್. ಆರಂಭದಲ್ಲೇ 20 ಮೀಟರ್ ದೂರದ ನಂಬರ್ ಪ್ಲೇಟನ್ನು ಓದಿಸುತ್ತಾರೆ. ಓದಲಾಗದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಆದ್ದರಿಂದ ಕನ್ನಡಕದ ಪವರ್ ಮೊದಲೇ ಸರಿಪಡಿಸಿಕೊಳ್ಳಿ.

ಡಿವಿಎಸ್‌ಎ ಪ್ರಕಟಿಸುವ ಫೇಲಾಗುವ ಕಾರಣಗಳಲ್ಲಿ ಮುಂಚೂಣಿಯಲ್ಲಿರುವವು ಜಂಕ್ಷನ್ನಿನಲ್ಲಿ ಸರಿಯಾಗಿ ನೋಡದಿರುವುದು ಮತ್ತು ದಿಕ್ಕು ಬದಲಿಸುವಾಗ ಕನ್ನಡಿ ಬಳಸದಿರುವುದು. ಎರಡೂ ನಮ್ಮವರ ದುರ್ಬಲ ಸ್ಥಳಗಳು, ಏಕೆಂದರೆ ನಮ್ಮ ರಸ್ತೆಗಳಲ್ಲಿ ಮುಂದಿರುವುದನ್ನು ನಾನು ನೋಡಿಕೊಂಡರೆ ಸಾಕು, ಹಿಂದಿನವನು ತನ್ನ ಪಾಡು ನೋಡಿಕೊಳ್ಳುತ್ತಾನೆ, ಬೇಕಾದರೆ ಹಾರ್ನ್ ಮಾಡುತ್ತಾನೆ ಎಂಬುದು ಅಲಿಖಿತ ಒಪ್ಪಂದ. ಇಲ್ಲಿ ಹಾರ್ನ್ ಕೇಳಿಸಿತೆಂದರೆ ಯಾರಿಗೋ ಸಿಟ್ಟು ಬಂದಿದೆ ಎಂದರ್ಥ. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬುದು ಎರಡೂ ದೇಶಗಳ ಪುಸ್ತಕಗಳಲ್ಲಿದೆ, ಆದರೆ ಇಲ್ಲಿ ಅದು ರಸ್ತೆಯ ಮೇಲೂ ಇದೆ. ವೇಗದ ವಿಷಯದಲ್ಲಿ ಮಿತಿ ಮೀರಿದರೂ ಫೇಲ್, ಕಾರಣವಿಲ್ಲದೆ ತೀರಾ ನಿಧಾನವಾದರೂ ಫೇಲ್. ಗಂಟೆಗೆ 60 ಮೈಲಿ ಮಿತಿಯ, ನಡುವೆ ವಿಭಜಕವಿಲ್ಲದ ಹಳ್ಳಿಯ ರಸ್ತೆಯಲ್ಲಿ, ತೆರವಿದ್ದರೂ 35ರಲ್ಲಿ ತೆವಳುವವರನ್ನು ಪರೀಕ್ಷಕರು ಜಾಗ್ರತೆಯ ಚಾಲಕರೆಂದು ಮೆಚ್ಚುವುದಿಲ್ಲ. ವೇಲ್ಸ್‌ನಲ್ಲಿರುವವರು ಗಮನಿಸಬೇಕಾದದ್ದು, ಅಲ್ಲಿ 2023ರ ಸೆಪ್ಟೆಂಬರ್‌ನಿಂದ ಜನವಸತಿಯ ರಸ್ತೆಗಳ ಸಾಮಾನ್ಯ ಮಿತಿ 20 ಮೈಲಿ.

ಹಾಗಾದರೆ ಪಾಠ ಬೇಕೇ? ಪಾಠವಿಲ್ಲದೆಯೇ ಪರೀಕ್ಷೆ ಬರೆಯಲು ಕಾನೂನಿನ ಅಡ್ಡಿಯಿಲ್ಲ. ಸ್ವಂತ ಕಾರನ್ನೇ ಪರೀಕ್ಷೆಗೆ ಒಯ್ಯಬಹುದು. ಪರೀಕ್ಷಕರಿಗೆಂದು ಇನ್ನೊಂದು ಒಳಗನ್ನಡಿ, ಎಲ್ ಬೋರ್ಡ್, ಪರೀಕ್ಷೆಗೆ ಹೊಂದುವ ವಿಮೆ ಇರಬೇಕಷ್ಟೆ. ಆದರೆ ನಮ್ಮ ಅಭ್ಯಾಸಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಣ ಉಳಿಸಲೇಬೇಕೆಂದರೆ ಪಾಠಗಳನ್ನು ಪೂರ್ತಿ ಬಿಡುವುದಕ್ಕಿಂತ, ಮೊದಲಿಗೆ ಎರಡು ಗಂಟೆಯ ಒಂದು ಪಾಠದಲ್ಲಿ ತಪ್ಪುಗಳ ಪಟ್ಟಿ ಮಾಡಿಸಿಕೊಂಡು, ಎರಡು ತಿಂಗಳು ಒಬ್ಬರೇ ತಿದ್ದಿಕೊಂಡು, ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಮಾಕ್ ಟೆಸ್ಟ್ ಸೇರಿ ಮೂರು ನಾಲ್ಕು ಪಾಠ ತೆಗೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಮಿತವ್ಯಯ. ವಾರಕ್ಕೊಂದು ಪಾಠದ ಕ್ರಮ ಅನುಭವ ಕಡಿಮೆ ಇರುವವರಿಗೆ, ವಿಶೇಷವಾಗಿ ಊರಿನಲ್ಲಿ ಲೈಸೆನ್ಸೇ ಇಲ್ಲದಿದ್ದವರಿಗೆ ಒಳ್ಳೆಯದು. ಒಂದೇ ವಾರದಲ್ಲಿ 20ರಿಂದ 30 ಗಂಟೆ ಕಲಿಸಿ ಪರೀಕ್ಷೆಗೆ ಕೂರಿಸುವ ಬಿರುಸಿನ ಕೋರ್ಸುಗಳಿಗೆ ಸಾವಿರ ಪೌಂಡ್‌ಗೂ ಮೀರಿ ಖರ್ಚಾಗುವುದುಂಟು. ರಜೆ ಹಾಕಿ ಒಮ್ಮೆಗೇ ಮುಗಿಸಬೇಕೆನ್ನುವವರಿಗೆ ಅದು ಆಕರ್ಷಕವಾದರೂ, ಪರೀಕ್ಷೆಯ ದಿನಾಂಕ ನಿಜವಾಗಿಯೂ ಅವರ ಕೈಯಲ್ಲಿದೆಯೇ, ಫೇಲಾದರೆ ಮುಂದೇನು ಎಂದು ಲಿಖಿತವಾಗಿ ತಿಳಿದುಕೊಂಡೇ ಹಣ ಕಟ್ಟಬೇಕು. ಇಪ್ಪತ್ತು ವರ್ಷದ ಅಭ್ಯಾಸ ಒಂದು ವಾರದಲ್ಲಿ ಬಿಡುವುದು ಅಪರೂಪ ಎಂಬುದನ್ನೂ ಸೇರಿಸುತ್ತೇನೆ.

ದಂಪತಿಗಳಿಗೆ ಇಲ್ಲೊಂದು ತೊಡಕಿದೆ. ಕಲಿಯುವವರ ಪಕ್ಕದಲ್ಲಿ ಕೂರುವವರಿಗೆ 21 ವರ್ಷವಾಗಿರಬೇಕು. ಬ್ರಿಟನ್ನಿನ, ಯುರೋಪಿಯನ್ ಒಕ್ಕೂಟದ ಅಥವಾ ಯುರೋಪಿನ ಇನ್ನು ಕೆಲವು ದೇಶಗಳ ಪೂರ್ಣ ಲೈಸೆನ್ಸ್ ಅವರ ಬಳಿ ಮೂರು ವರ್ಷದಿಂದ ಇರಬೇಕು. ಊರಿನಲ್ಲಿ ಹದಿನೈದು ವರ್ಷ ಓಡಿಸಿದ ಗಂಡನಾಗಲಿ ಹೆಂಡತಿಯಾಗಲಿ ಕಳೆದ ತಿಂಗಳು ಇಲ್ಲಿನ ಪರೀಕ್ಷೆ ಪಾಸಾಗಿದ್ದರೂ ಇನ್ನೊಬ್ಬರಿಗೆ ಕಲಿಸುವಂತಿಲ್ಲ. ಇಬ್ಬರಿಗೂ ಭಾರತದ ಲೈಸೆನ್ಸ್ ಇದ್ದರೆ ಒಬ್ಬರ ಪರೀಕ್ಷೆ ಮುಗಿಯಲಿ, ಆಮೇಲೆ ಇನ್ನೊಬ್ಬರದು ಎಂದು ಸರದಿ ಮಾಡಿಕೊಳ್ಳುವುದೇ ದೊಡ್ಡ ನಷ್ಟ. ಇಬ್ಬರ 12 ತಿಂಗಳೂ ಏಕಕಾಲಕ್ಕೆ ಕರಗುತ್ತಿರುತ್ತವೆ. ಒಬ್ಬರಿಗೆ ಮಾತ್ರ ಇದ್ದರೆ, ಇನ್ನೊಬ್ಬರ ಪಾಠದ ಖರ್ಚನ್ನು ಮೊದಲಿನಿಂದಲೇ ಬಜೆಟ್ಟಿನಲ್ಲಿ ಸೇರಿಸಿ, ಅಥವಾ ಇಲ್ಲಿ ವರ್ಷಗಳಿಂದ ಇರುವ ಸ್ನೇಹಿತರ ವಾರಾಂತ್ಯಗಳನ್ನು ಈಗಲೇ ಕೇಳಿಕೊಳ್ಳಿ.

ಕೊಲ್ಲಿ, ಸಿಂಗಪುರ ಹಾದು ಬಂದವರಿಗೆ

ದುಬೈಯಲ್ಲಿ ದುಡಿದು ಇಲ್ಲಿಗೆ ಬಂದ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಬೇರೆಯೇ ಬಾಗಿಲು ತೆರೆದಿದೆ. ಯುನೈಟೆಡ್ ಅರಬ್ ಎಮಿರೇಟ್ಸ್ 2021ರಲ್ಲಿ ಬ್ರಿಟನ್ನಿನ ವಿನಿಮಯ ಪಟ್ಟಿಗೆ ಸೇರಿತು. ಸಿಂಗಪುರ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ದಕ್ಷಿಣ ಆಫ್ರಿಕಾಗಳೂ ಅದರಲ್ಲಿವೆ; ಅಮೆರಿಕ ಇಲ್ಲ, ಸೌದಿ, ಕತಾರ್, ಕುವೈತ್‌ಗಳೂ ಇಲ್ಲ. ಪಟ್ಟಿಯಲ್ಲಿರುವ ದೇಶದಲ್ಲಿಯೇ ಪರೀಕ್ಷೆ ಪಾಸಾಗಿ ಪಡೆದ ಲೈಸೆನ್ಸನ್ನು, ಇಲ್ಲಿ ನೆಲೆಸಿದ ಐದು ವರ್ಷದೊಳಗೆ 43 ಪೌಂಡ್ ಕಟ್ಟಿ ಬದಲಾಯಿಸಿಕೊಳ್ಳಬಹುದು. ಪಾಠವಿಲ್ಲ, ಪರೀಕ್ಷೆಯಿಲ್ಲ, ಕಾಯುವುದಿಲ್ಲ. ಮೂಲ ಲೈಸೆನ್ಸನ್ನು ಒಪ್ಪಿಸಬೇಕಾಗುತ್ತದೆ, ಮತ್ತು ಅದು ಆಟೊಮ್ಯಾಟಿಕ್‌ಗೆ ಸೀಮಿತವಾಗಿದ್ದರೆ ಅಥವಾ ಗೇರ್ ಕಾರಿನಲ್ಲಿ ಪರೀಕ್ಷೆ ಕೊಟ್ಟದ್ದಕ್ಕೆ ಪುರಾವೆ ಇಲ್ಲದಿದ್ದರೆ ಇಲ್ಲಿಯೂ ಆಟೊಮ್ಯಾಟಿಕ್ ಮಾತ್ರ ಸಿಗಬಹುದು. ಐದು ವರ್ಷ ಸಮಯವಿದೆ ಎಂದು ಕೂರಬಾರದು, ಏಕೆಂದರೆ ಓಡಿಸುವ ಹಕ್ಕು ಇವರಿಗೂ 12 ತಿಂಗಳಷ್ಟೇ. ಊರಿನ ಲೈಸೆನ್ಸೂ ಕೊಲ್ಲಿಯದ್ದೂ ಎರಡೂ ಇದ್ದು, ಊರಿನದನ್ನೇ ಮುಂದಿಟ್ಟುಕೊಂಡು ಪರೀಕ್ಷೆಗೆ ಓದುತ್ತ ಕೂತವರು ಪೆಟ್ಟಿಗೆಯ ತಳದಲ್ಲಿರುವ ಹಳೆಯ ಕಾರ್ಡಿನ ಅವಧಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಕಾರೇ ಬೇಡವೆನ್ನುವವರಿಗೆ

ಲಂಡನ್ನಿನ ಒಳವಲಯಗಳಲ್ಲಿರುವವರಿಗೆ ನಾನು ಕಾರನ್ನು ಶಿಫಾರಸು ಮಾಡುವುದಿಲ್ಲ. ನಿಲ್ಲಿಸುವ ಜಾಗ, ದಟ್ಟಣೆ ಶುಲ್ಕ, ವಿಮೆ ಇವುಗಳ ಎದುರು ಟ್ಯೂಬ್ ಎಂಬ ನೆಲದಡಿಯ ರೈಲು ಮತ್ತು ಬಸ್ಸುಗಳೇ ಲೇಸು. ಎಡಿನ್‌ಬರ್ಗ್, ಮ್ಯಾಂಚೆಸ್ಟರ್‌ಗಳ ನಡುಭಾಗಕ್ಕೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಇಂಗ್ಲೆಂಡಿನ ಬಹುತೇಕ ಊರುಗಳಲ್ಲಿ 2025ರಿಂದ ಒಂದು ಬಸ್ ಪ್ರಯಾಣಕ್ಕೆ 3 ಪೌಂಡ್‌ಗಳ ಮೇಲ್ಮಿತಿಯಿದೆ. ಆದರೆ ಸಣ್ಣ ಊರುಗಳಲ್ಲಿ ಸಂಜೆಯ ನಂತರ ಬಸ್ಸೇ ಇರದು. ಬೆಳಿಗ್ಗೆ ಏಳಕ್ಕೆ ಪಾಳಿ ಶುರುವಾಗುವ ನರ್ಸಿಗೋ, ಮನೆಯಿಂದ ಮನೆಗೆ ಹೋಗುವ ಕೇರ್ ಕೆಲಸದವರಿಗೋ ಬಸ್ಸಿನ ಅಗ್ಗದ ದರದಿಂದ ಪ್ರಯೋಜನವಿಲ್ಲ. ಕೇರ್ ಕೆಲಸಗಳಲ್ಲಿ ಬ್ರಿಟಿಷ್ ಲೈಸೆನ್ಸ್ ಇರಲೇಬೇಕೆಂಬ ಷರತ್ತೂ ಸಾಮಾನ್ಯ. ಅಂಥವರು ಮೊದಲ ಸಂಬಳ ಬರುವ ಮುಂಚೆಯೇ ಪ್ರೊವಿಷನಲ್ ಅರ್ಜಿ ಹಾಕಿ, ಬೇರೆ ಖರ್ಚು ಹಿಂದಿಟ್ಟಾದರೂ ಪಾಠಗಳಿಗೆ ಹಣ ತೆಗೆದಿಡಬೇಕು. ರೀಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್‌ಗಳಂಥ ಕಡೆ ಮಕ್ಕಳೊಂದಿಗೆ ಇರುವ ಐಟಿ ಕುಟುಂಬಗಳಿಗೆ ಅಷ್ಟು ಧಾವಂತವಿಲ್ಲದಿದ್ದರೂ, ಗೇರ್ ಕಾರಿನಲ್ಲಿ ವರ್ಷದೊಳಗೆ ಪರೀಕ್ಷೆ ಮುಗಿಸಿದರೆ ವಿಮೆಯಲ್ಲಾಗುವ ಉಳಿತಾಯವೇ ಪಾಠದ ಖರ್ಚನ್ನು ಕ್ರಮೇಣ ತೀರಿಸುತ್ತದೆ.

ಗಡುವು ಮುಗಿದ ಮೇಲೆ ಇದನ್ನು ಓದುತ್ತಿದ್ದರೆ ಉಳಿದಿರುವ ಆಯ್ಕೆ ಸ್ಪಷ್ಟ. ಒಬ್ಬರೇ ಓಡಿಸುವುದನ್ನು ಇಂದಿನಿಂದಲೇ ನಿಲ್ಲಿಸಿ, ಕಾರಿಗೆ ಎಲ್ ಬೋರ್ಡ್ ಹಾಕಿ, ಕಲಿಯುವವರ ವಿಮೆಗೆ ಬದಲಾಯಿಸಿಕೊಳ್ಳಿ. ಮೂರು ವರ್ಷದ ಲೈಸೆನ್ಸಿರುವ ಸ್ನೇಹಿತರು ಪಕ್ಕದಲ್ಲಿ ಕೂತರೆ ಸಾಮಾನ್ಯ ರಸ್ತೆಗಳಲ್ಲಿ ಅಭ್ಯಾಸ ಮಾಡಬಹುದು. ಮೋಟಾರ್‌ವೇಗೆ ಮಾತ್ರ ಅವರೊಂದಿಗೂ ಹೋಗುವಂತಿಲ್ಲ, ಅಲ್ಲಿ ಪಕ್ಕದ ಸೀಟಿಗೂ ಬ್ರೇಕ್ ಇರುವ ಕಾರಿನಲ್ಲಿ ಅಧಿಕೃತ ಇನ್‌ಸ್ಟ್ರಕ್ಟರ್ ಜೊತೆಗಿರಬೇಕು. ಈಗ ಕಾಯುವ ಅವಧಿಯೇ ನಿಮ್ಮ ವೆಚ್ಚ. ಆದ್ದರಿಂದ ಮನೆಗೆ ಹತ್ತಿರದ ಪರೀಕ್ಷಾ ಕೇಂದ್ರವೇ ಬೇಕೆಂದು ಹಟ ಹಿಡಿಯದೆ, ಒಂದು ಗಂಟೆಯ ದೂರದೊಳಗೆ ಎಲ್ಲಿ ಬೇಗ ದಿನಾಂಕ ಸಿಗುತ್ತದೋ ಅಲ್ಲಿ ಬುಕ್ ಮಾಡಿ, ಪರೀಕ್ಷೆಗೆ ಮುಂಚೆ ಆ ಊರಿನ ರಸ್ತೆಗಳಲ್ಲಿ ಎರಡು ಪಾಠ ತೆಗೆದುಕೊಳ್ಳಿ. ದಿನಾಂಕ ಬದಲಿಸುವುದಾದರೆ 10 ಪೂರ್ಣ ಕೆಲಸದ ದಿನಗಳ ಮುಂಚಿತವಾಗಿ ಬದಲಿಸಬೇಕು, ತಡವಾದರೆ ಶುಲ್ಕ ಹಿಂದಿರುಗುವುದಿಲ್ಲ.